ಹೂಂ ಅನ್ನುವ ಮನೆ

ಧ್ವನಿಪೆಟ್ಟಿಗೆ ತೆಗೆಯುವುದು ಬಿಟ್ಟು ಬೇರೆ ದಾರಿಯಿಲ್ಲ ಎಂದು ಬಾಗಲಕೋಟೆಯ ವೈದ್ಯರು ಹೇಳಿದ ದಿನವೇ ಕಥೆ ಹೇಳುಗರ ಹೆಂಡತಿ ನನಗೆ ಫೋನು ಮಾಡಿದರು.

"ಅಕ್ಕಾರ, ಮುಂದಿನ ತಿಂಗಳ ಬರ್ತೇನಿ ಅಂದಿದ್ರಿ. ಮುಂದಿನ ತಿಂಗಳ ಬಂದ್ರ ಇವರು ಇರ್ತಾರ್ರಿ. ಇವರ ದನಿ ಇರೂದಿಲ್ಲ."

ಅವರು ಅಳುತ್ತಿರಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ನೆನಪನ್ನು ನಾನು ನಂಬುವುದು ಕಡಿಮೆ. ಅದು ಆದದ್ದನ್ನೆಲ್ಲ ತೊಳೆದು ಮಡಚಿ ಕಪಾಟಿನಲ್ಲಿಡುತ್ತದೆ. ಮುಂದಿನ ದಿನಗಳದ್ದು ಮಾತ್ರ ಧ್ವನಿಮುದ್ರಣ ಇದೆ. ನನ್ನ ನೆನಪಿಗೂ ಅದಕ್ಕೂ ತಾಳೆಯಾಗದ ಕಡೆ ಮುದ್ರಣದ ಮಾತನ್ನೇ ಇಲ್ಲಿ ಬರೆದಿದ್ದೇನೆ.

ಆಗ ನಾನು ಅಣೆಕಟ್ಟಿನ ಹಿನ್ನೀರಿಗೆ ಹೋದ ಊರುಗಳ ಕಥೆಗಳನ್ನು ದಾಖಲಿಸುವ ಕೆಲಸದಲ್ಲಿದ್ದೆ. ಈ ಹೇಳುಗರ ಊರು ಘಟಪ್ರಭೆಯ ದಂಡೆಯ ಮೇಲಿತ್ತು. ನೀರು ಬಂದಾಗ ಅರ್ಧ ಊರು ಬಾಗಲಕೋಟೆಯ ನವನಗರಕ್ಕೆ ಬಂತು, ಉಳಿದವರು ಗುಡೂರಿನ ಕಡೆ, ಇಳಕಲ್ಲಿನ ಕಡೆ ಚದುರಿದರು. ಬೀರಪ್ಪ ದೇವರ ಒಕ್ಕಲಿನ ಆ ಜನರ ಬಳಿ ಒಂದು ಕಥೆಯಿತ್ತು, 'ಹಿಂಡಿನ ಕಥಿ'. ಒಬ್ಬ ಅಕ್ಕ ಕುರಿಹಿಂಡನ್ನು ಮಹಾಕೂಟದ ಹೊಂಡದ ಬಳಿಯಿಂದ ಹೊರಡಿಸಿ, ಚೊಳಚಗುಡ್ಡ ಹಾಯ್ದು, ಹುಲ್ಲು ಹುಡುಕುತ್ತ ಹೊಳೆಯ ದಂಡೆಗೆ ತರುತ್ತಾಳೆ. ಹೊಳೆ ದಾಟಿಸುತ್ತಾಳೆ. ಆಚೆ ದಂಡೆಯಲ್ಲಿ ಊರು ಕಟ್ಟುತ್ತಾಳೆ. ಹಿಂಡಿನ ಕಟ್ಟಕಡೆಗೆ ಕುಂಟುತ್ತ ಬರುವ ಟಗರೇ ಬೀರಪ್ಪ. ಹಿಂಡು ತಂಗಿದ ಪ್ರತಿ ಬೀಡಿಗೂ ಅದರದೇ ಒಂದು ಕಥೆ.

ಈ ಬೀಡುಗಳನ್ನೆಲ್ಲ ಹೇಳಬಲ್ಲವರೆಂದು ಎಲ್ಲರೂ ಬೆರಳು ತೋರಿಸಿದ್ದು ಇವರೊಬ್ಬರ ಕಡೆಗೇ. ನವನಗರದಲ್ಲಿ ಟಂಟಂ ಓಡಿಸುತ್ತಿದ್ದರು. ವಯಸ್ಸು ಅರವತ್ತರ ಹತ್ತಿರ. ಕೆಳದುಟಿಯ ಒಳಗೆ ತಂಬಾಕು ಇಲ್ಲದ ಹೊತ್ತಿನಲ್ಲಿ ನಾನು ಅವರನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ನನಗೆ ಕೆಲಸ ಕೊಟ್ಟ ಸಂಸ್ಥೆಗೆ ಬೇಕಾಗಿದ್ದುದು ಒಬ್ಬರದೇ ದನಿಯಲ್ಲಿ ಆದಿಯಿಂದ ಅಂತ್ಯದವರೆಗಿನ ಕಥೆ. ನಾನು ಅದರ ವಿರುದ್ಧ ಬಹಳ ವಾದ ಮಾಡಿದವಳು. ಪೂರ್ತಿ ಎನ್ನುವುದು ಸಂಕಲನಕಾರರು ಹುಟ್ಟಿಸಿದ ವಸ್ತು, ಹೇಳುವವರು ತಡವರಿಸಿದ್ದು, ಮರೆತದ್ದು, ಎರಡು ಸಲ ಹೇಳಿದ್ದು ಎಲ್ಲ ಹಾಗೇ ಉಳಿಯಬೇಕು ಎನ್ನುತ್ತಿದ್ದೆ. ಫೋನು ಇಟ್ಟ ಮೇಲೆ ನನಗೂ ಬೇಕೆನಿಸಿದ್ದು ಪೂರ್ತಿ ಕಥೆಯೇ. ಎಲ್ಲ ಬೀಡುಗಳೂ ಬೇಕು, ಒಂದೂ ತಪ್ಪದೆ ಬೇಕು. ಹೆದರಿಕೆ ಹೊಕ್ಕಾಗ ನನ್ನ ವಾದಗಳು ಎಲ್ಲಿ ಹೋಗಿ ಕುಳಿತವೋ ಗೊತ್ತಿಲ್ಲ.

ವೈದ್ಯರು ಷರತ್ತು ಹಾಕಿ ಒಪ್ಪಿದರು. ಬೆಳಿಗ್ಗೆ ಮಾತ್ರ, ಸ್ವಲ್ಪ ಹೊತ್ತು. ಪಿಸುಮಾತು ಬೇಡವೇ ಬೇಡ, ಅದು ಗಂಟಲನ್ನು ಇನ್ನಷ್ಟು ಹಿಂಡುತ್ತದೆ. ಕೆಮ್ಮು ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಬರುವ ಸೋಮವಾರ ಆಸ್ಪತ್ರೆಗೆ ಭರ್ತಿ.

ಮನೆಯ ಹೊರಕೋಣೆ ಹೊಸ ಸಿಮೆಂಟಿನದು. ಚಪ್ಪಾಳೆ ತಟ್ಟಿದರೆ ಗೋಡೆಗಳು ತಿರುಗಿ ತಟ್ಟುತ್ತಿದ್ದವು. ಮನೆಯಲ್ಲಿದ್ದ ಕರಿ ಕಂಬಳಿಗಳನ್ನೆಲ್ಲ ತರಿಸಿ ಗೋಡೆಗೆ ಇಳಿಬಿಟ್ಟೆ, ಬಾಗಿಲ ಸಂದಿಗೂ ಒಂದನ್ನು ಸುತ್ತಿಟ್ಟೆ. ಫ್ಯಾನು, ಫ್ರಿಜ್ಜು ಬಂದ್. ಉಣ್ಣೆಯ ವಾಸನೆಯ ನಡುವೆ ಮೂವರೂ ಬೆವರುತ್ತ ಕುಳಿತೆವು. ಮೈಕನ್ನು ಬಾಯಿಗೆ ನೇರವಾಗಿ ಹಿಡಿದರೆ ಉಸಿರು ಬಡಿಯುತ್ತಿತ್ತು. ದೂರ ಇಟ್ಟರೆ ದನಿಯೇ ಬರುತ್ತಿರಲಿಲ್ಲ. ಅವರ ದನಿಯ ಮೇಲುಭಾಗ ಆಗಲೇ ಹೋಗಿತ್ತು. ಉಳಿದದ್ದು ಗರಗಸ ಎಳೆದಂಥ ಸದ್ದು. ಅದನ್ನು ಹಿಡಿಯಲು ಮುದ್ರಣದ ಮಟ್ಟ ಏರಿಸಿದರೆ ಬೀದಿಯೆಲ್ಲ ಒಳಗೆ ಬರುತ್ತಿತ್ತು. ಕೊನೆಗೆ ಗದ್ದದ ಪಕ್ಕಕ್ಕೆ, ತುಸು ಓರೆಯಾಗಿ, ಒಂದು ಗೇಣಿನಷ್ಟು ದೂರದಲ್ಲಿ ಮೈಕು ನಿಂತಿತು. ಹೇಳುಗರ ಹೆಂಡತಿಗೆ ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದೆ. ಮೊದಲ ತಪ್ಪು ಅಲ್ಲೇ ಆಯಿತು.

ಆರಂಭ ಚೆನ್ನಾಗಿತ್ತು. ಮಹಾಕೂಟದ ಹೊಂಡದಲ್ಲಿ ಹಿಂಡು ನೀರು ಕುಡಿಯಿತು, ಚೊಳಚಗುಡ್ಡದಲ್ಲಿ ಒಂದು ಕುರಿ ಈಯಿತು. ಹಿಂಡು ಹೊಳೆಯ ದಂಡೆಗೆ ಬಂತು. ಅಲ್ಲಿ ಹೇಳುಗರು ನಿಂತರು. ಒಂದು ಬೀಡು ಹಿಂದಕ್ಕೆ ಹೋಗಿ ಮತ್ತೆ ಹಿಂಡನ್ನು ದಂಡೆಗೆ ತಂದರು. ಮತ್ತೆ ನಿಂತರು. ಕೆಮ್ಮು ಬಂತು. ಅಂದಿನದು ಮುಗಿಯಿತು.

ಮರುದಿನವೂ ಹಾಗೆಯೇ. ಹಿಂಡು ದಂಡೆಗೆ ಬರುವುದು, ಹಿಂದೆ ಸರಿಯುವುದು, ಮತ್ತೆ ಬರುವುದು. ಅವರಿಗೆ ಮರೆವು ಹತ್ತಿದೆ, ಇಲ್ಲವೇ ಶಸ್ತ್ರಚಿಕಿತ್ಸೆಯ ಹೆದರಿಕೆ ನಾಲಿಗೆ ಕಟ್ಟಿದೆ ಎಂದುಕೊಂಡೆ. ಗಂಡ ಒದ್ದಾಡುವುದನ್ನು ನೋಡಲಾಗದೆ ಹೆಂಡತಿ ಬಾಗಿಲಲ್ಲಿ ನಿಂತು ಮೆಲ್ಲಗೆ "ಹೂಂ" ಅಂದರು.

ಹೇಳುಗರು ಗಕ್ಕನೆ ತಿರುಗಿದರು. "ನೀ ಯಾಕ ಹೂಂ ಅಂತಿ? ದವಾಖಾನಿಗೆ ಹೋಗೂದು ಬ್ಯಾಡ ಅಂದೆ, ಆಗ ಹೂಂ ಅಂದಿದ್ರ ಚಲೋ ಇತ್ತು."

"ಹಂಗಾರ ಸುಮ್ನ ಕುಂದ್ರಲ್ಯಾ?"

"ಸುಮ್ನ ಕುಂತ್ರೂ ಆಗೂದಿಲ್ಲ. ನೀ ಅಂದ್ರೂ ಆಗೂದಿಲ್ಲ." ನನ್ನತ್ತ ನೋಡಿ ಹೇಳಿದರು, "ಅಕ್ಕಾರ, ನಮ್ಮ ಊರಾಗ ಒಂದು ಮನಿ ಹೇಳೂದು, ಒಂದು ಮನಿ ಹೂಂ ಅನ್ನೂದು. ಹೂಂ ಅಂದ್ರಷ್ಟ ಹಿಂಡು ಮುಂದ ನಡೀತೈತಿ."

ಪದ್ಧತಿಯನ್ನು ಅವರು ವಿವರಿಸಿದ್ದು ಹೀಗೆ. ಹೇಳುವ ಮನೆಯವರು ಒಂದು ಮಾತು ಹೇಳಿದರೆ ಹೂಂ ಅನ್ನುವ ಮನೆಯವರು ಹೂಂಗುಟ್ಟಬೇಕು. ಅದು ಕೇಳುತ್ತಿದ್ದೇನೆ ಎಂದು ತೋರಿಸಲು ಅಲ್ಲ, ಒಪ್ಪಿಗೆ. ಮಾತು ಸರಿಯಿಲ್ಲ ಎನಿಸಿದರೆ ಅವರು ಬಾಯಿ ಮುಚ್ಚಿಕೊಂಡು ಕೂಡುತ್ತಾರೆ. ಸರಿಯಾದ ಮಾತನ್ನು ಎತ್ತಿಕೊಡುವುದಿಲ್ಲ. ಹೇಳುವವನು ಹಿಂದೆ ಹೋಗಿ ಬೇರೆ ಮಾತು ಹುಡುಕಿ ತರಬೇಕು. ಹೂಂ ಬರುವವರೆಗೆ ಹಿಂಡು ನಿಂತಲ್ಲೇ ನಿಂತಿರುತ್ತದೆ.

"ಆ ಮನೆಯವರು ಎಲ್ಲಿದ್ದಾರೆ?" ಎಂದೆ.

ಹೇಳುಗರು ಗೋಡೆಯ ಕಂಬಳಿಯ ಕಡೆಗೆ ಮುಖ ಮಾಡಿದರು. "ಅವರ ಮಾತ ಬ್ಯಾಡ."

ಕಾಲ ಕಡಿಮೆಯಿತ್ತು. ನನ್ನ ತಲೆ ಯಾವಾಗಲೂ ಇಂಥ ಹೊತ್ತಿನಲ್ಲಿ ಪ್ರಯೋಗದ ಕಡೆಗೆ ಓಡುತ್ತದೆ. ಹೆಂಡತಿಯಿಂದ ಹತ್ತಾರು ಬಗೆಯ ಹೂಂ ಹೇಳಿಸಿ ಮುದ್ರಿಸಿಕೊಂಡೆ. ಉದ್ದನೆಯದು, ಮೊಟಕು, ಮೂಗಿನಿಂದ ಬಂದದ್ದು. ಅವನ್ನು ಜೋಡಿಸಿ, ಅವರು ಮಾತು ನಿಲ್ಲಿಸಿದ ಕೂಡಲೇ ಒಂದು ಹೂಂ ಕಿವಿಗೆ ಬೀಳುವ ಹಾಗೆ ಹೆಡ್‌ಫೋನು ಹಾಕಿದೆ. ಮನುಷ್ಯರಿಲ್ಲದೆ ಹೂಂ ಅನ್ನುವ ಯಂತ್ರ ಮಾಡಿದ ಖುಷಿಯೂ ಒಳಗೆ ಸಣ್ಣಗೆ ಇತ್ತು, ಸುಳ್ಳು ಯಾಕೆ ಹೇಳಲಿ.

ಅವರು ಎರಡು ಮಾತು ನೆಟ್ಟಗೆ ಹೇಳಿದರು. ಹೂಂ ಬಂತು, ಮತ್ತೊಂದು ಬಂತು. ಆಮೇಲೆ ಕಣ್ಣು ಸಣ್ಣದು ಮಾಡಿ ನನ್ನನ್ನೇ ನೋಡುತ್ತ ಹೇಳಿದರು, "ಆಮ್ಯಾಲ ಹಿಂಡು ಬಸ್ಸ ಹತ್ತಿ ಬಾದಾಮಿಗೆ ಹೋತು."

ಹೆಡ್‌ಫೋನಿನಲ್ಲಿ ಉದ್ದನೆಯ ಹೂಂ.

"ಟಗರಿಗೆ ಕಂಡಕ್ಟರ್ ಅರ್ಧಾ ಟಿಕೀಟ ಕೊಟ್ಟ."

ಹೂಂ.

ಹೆಡ್‌ಫೋನು ತೆಗೆದು ನನ್ನ ತೊಡೆಯ ಮೇಲಿಟ್ಟರು. "ಇದು ಎಲ್ಲಾದಕ್ಕೂ ಹೂಂ ಅಂತೈತ್ರಿ ಅಕ್ಕಾರ. ಇದರ ಮುಂದ ಖರೆ ಹೇಳಿದ್ರೇನು, ಸುಳ್ಳ ಹೇಳಿದ್ರೇನು?" ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲಲೇ ಇಲ್ಲ. ಒಂದು ಇಡೀ ಬೆಳಗನ್ನು, ಅಷ್ಟು ದನಿಯನ್ನು, ನಾನು ಬಸ್ಸಿನ ಟಿಕೀಟಿಗೆ ಕಳೆದಿದ್ದೆ.

ಅಂದು ನಲ್ಲಿಯ ಬಳಿ ಕೊಡ ತುಂಬುತ್ತ ಹೆಂಡತಿ ವಿಷಯ ಬಿಚ್ಚಿದರು. ಹೂಂ ಅನ್ನುವ ಮನೆ ಗುಡೂರಿನಲ್ಲಿದೆ. ಊರು ಒಡೆದಾಗ ಬೀರಪ್ಪನ ಕಲ್ಲು ಯಾರ ಕಡೆ ಹೋಗಬೇಕು ಎಂದು ಜಗಳವಾಯಿತು. ಹೇಳುವ ಮನೆಯವರು ಉಳಿದವರನ್ನು ಕೇಳದೆ ಕಲ್ಲನ್ನು ನವನಗರಕ್ಕೆ ತಂದುಬಿಟ್ಟರು. ಅಂದಿನಿಂದ ಮದುವೆಗೂ ಕರೆಯಿಲ್ಲ, ಮಣ್ಣಿಗೂ ಬರುವುದಿಲ್ಲ. ಹಿರಿಯ ಹೂಂಗಾರರು ತೀರಿಕೊಂಡು ವರ್ಷಗಳಾದವು. ಈಗ ಆ ಮನೆಯಲ್ಲಿ ಇರುವುದು ಅವರ ಮಗಳು.

"ನೀವು ಹೋಗ್ರಿ. ಆದ್ರ ಇವರ ಬ್ಯಾನಿ ಮಾತ್ರ ಹೇಳಬ್ಯಾಡ್ರಿ. ಕನಿಕರಕ್ಕ ಬಂದ್ರು ಅಂದ್ರ ಇವರು ಬಾಗಲಾ ಹಾಕ್ಕೋತಾರ."

ನಾನು ಮಾತು ಕೊಟ್ಟೆ.

ಗುಡೂರಿನ ಆ ಮನೆಯ ಪಡಸಾಲೆಯಲ್ಲಿ ಜೋಳದ ರೊಟ್ಟಿಯ ಕೆಲಸ ನಡೆದಿತ್ತು. ಇಳಕಲ್ಲಿನ ಖಾನಾವಳಿಗಳಿಗೆ ದಿನವೂ ಇಲ್ಲಿಂದಲೇ ರೊಟ್ಟಿ ಹೋಗುತ್ತದೆ. ನಲವತ್ತೈದರ ಆಸುಪಾಸಿನ ಹೆಂಗಸು, ಮೊಣಕೈವರೆಗೆ ಹಿಟ್ಟು, ಎರಡೂ ಅಂಗೈಯಿಂದ ರೊಟ್ಟಿ ಬಡಿಯುತ್ತಲೇ ನನ್ನ ಮಾತು ಕೇಳಿಸಿಕೊಂಡರು.

"ಆ ಮನಿ ಕಥಿಗೆ ನಾ ಯಾಕ ಹೂಂ ಅನ್ಲಿ? ದೇವರನ್ನ ಒಯ್ಯೂ ಮುಂದ ನಮ್ಮ ಹೂಂ ಕೇಳಿದ್ರೇನು?"

"ಕೇಳಲಿಲ್ಲ," ಎಂದೆ.

"ಹಾಂ. ಹಂಗಾರ ಒಂದು ರೊಟ್ಟಿ ತಿಂದು ಹೋಗ್ರಿ. ಪುಂಡಿಪಲ್ಲೆ ಐತಿ."

ರೊಟ್ಟಿ ತಿಂದೆ. ಮೂರು ವಾದಗಳನ್ನು ಸಿದ್ಧ ಮಾಡಿಕೊಂಡು ಹೋಗಿದ್ದೆ, ಒಂದನ್ನೂ ಹೇಳಲಿಲ್ಲ. ಏನು ಮಾಡುವುದೆಂದು ತಿಳಿಯದೆ ಫೋನಿನಲ್ಲಿದ್ದ ಮುದ್ರಣವನ್ನು ಹಾಕಿದೆ. ಹಿಂಡು ದಂಡೆಗೆ ಬರುತ್ತದೆ. ಹಿಂದೆ ಸರಿಯುತ್ತದೆ. ಮತ್ತೆ ಬರುತ್ತದೆ. ಆಕೆಯ ಕೈ ಬಡಿಯುವುದನ್ನು ನಿಲ್ಲಿಸಿತ್ತು ಎಂದು ನನ್ನ ನೆನಪು. ಅಂದಿನ ಮಾತುಕತೆಯನ್ನೂ ಮುದ್ರಿಸಿಕೊಂಡಿದ್ದೆ. ಅದರಲ್ಲಿ ರೊಟ್ಟಿ ಬಡಿಯುವ ಸದ್ದು ಕೊನೆಯವರೆಗೂ ಇದೆ.

"ಒಬ್ಬನ ಹೊಳಿ ದಾಟಾಕ ಹೊಂಟಾನ," ಎಂದರು ಆಕೆ. "ಅಕ್ಕಾರ, ಹೊಳಿ ಅವರದಲ್ಲ. ಹೊಳಿ ನಮ್ಮದು."

"ಅಂದರೆ?"

"ದಂಡಿಗೆ ಬರೂತನಾ ಅವರ ಹೇಳ್ತಾರ, ನಾವು ಹೂಂ ಅಂತೀವಿ. ಹೊಳಿ ಬಂತಂದ್ರ ನಾವು ಹೇಳೂದು, ಅವರು ಹೂಂ ಅನ್ನೂದು. ಆಚಿ ದಂಡಿ ಮುಟ್ಟಿದ ಮ್ಯಾಲ ಮತ್ತ ಅವರದು. ಹೊಳಿ ದಾಟೂದು ಅವಗ ಗೊತ್ತ ಇಲ್ಲ. ಕಿವಿಲೆ ಕೇಳ್ಯಾನ, ಬಾಯಿಲೆ ಹೇಳಿಲ್ಲ. ತಾನ ಕಟ್ಟಿ ದಾಟಸಾಕ ನೋಡಾಕಹತ್ಯಾನ, ಆಗವಲ್ತು."

ಹಾಗಾದರೆ ಅದು ಮರೆವೂ ಅಲ್ಲ, ಹೆದರಿಕೆಯೂ ಅಲ್ಲ. ಈ ಮನೆಯ ಹಂಗಿಲ್ಲದೆ ದಾಟಬೇಕೆಂದು ಅವರು ತಮ್ಮ ಕೊನೆಯ ದನಿಯನ್ನು ಆ ದಂಡೆಯಲ್ಲಿ ಸುರಿಯುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಮಟ್ಟ ಏರಿಸುತ್ತಿದ್ದೆ.

ಆಕೆ ಮುದ್ರಣವನ್ನು ಇನ್ನೊಮ್ಮೆ ಹಾಕಿಸಿಕೊಂಡರು. ಈ ಸಲ ಕಥೆ ಕೇಳಲಿಲ್ಲ, ದನಿ ಕೇಳಿದರು.

"ಮಾಮಾನ ದನಿ ಯಾಕ ಹಿಂಗಾಗೇತಿ?"

ನಾನು ಫೋನನ್ನು ಚೀಲಕ್ಕೆ ಹಾಕಿದೆ.

"ತಂಬಾಕ ಏನ್ರಿ?"

ಕೊಟ್ಟ ಮಾತು ನೆನಪಿತ್ತು. "ಹೂಂ," ಎಂದೆ.

ಆಕೆ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದರು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಶನಿವಾರ ಸಂಸ್ಥೆಯವರು ಫೋನು ಮಾಡಿದರು. ಅವರ ಸಲಹೆಯಲ್ಲಿ ತಪ್ಪೇನೂ ಇರಲಿಲ್ಲ: ಹೊಳೆಯನ್ನು ಬಿಡಿ, ಆಚೆ ದಂಡೆಯ ಬೀಡುಗಳನ್ನು ಮೊದಲು ಹೇಳಿಸಿಕೊಳ್ಳಿ, ಅವು ಬೇರೆ ಯಾರಿಗೂ ಬರುವುದಿಲ್ಲ, ದಾಟುವುದನ್ನು ಗುಡೂರಿನವರಿಂದ ಆಮೇಲೆ ತೆಗೆದುಕೊಂಡು ನಡುವೆ ಜೋಡಿಸಬಹುದು. ಹೇಳುಗರ ಮುಂದೆ ಇದನ್ನು ಇಟ್ಟೆ.

"ನೀವು ಅಂದ್ರ ಹೇಳ್ತೇನಿ. ನಿಮ್ಮ ಮಿಷನ್ನಿಗೆ ಸಾಕಲ್ಲ?"

ರವಿವಾರ ಬೆಳಿಗ್ಗೆ, ಮೈಕು ಕಟ್ಟುತ್ತಿರುವಾಗ, ರೊಟ್ಟಿಯ ಗಂಟು ಹಿಡಿದುಕೊಂಡು ಗುಡೂರಿನ ಹೆಂಗಸು ಬಾಗಿಲಲ್ಲಿ ನಿಂತಿದ್ದರು. ಗೋಡೆ ತುಂಬ ಇಳಿಬಿಟ್ಟ ಕಂಬಳಿ ನೋಡಿ, "ಏನ್ ಮಾಮಾ, ಕುರಿ ಹೊಟ್ಟ್ಯಾಗ ಸಂಸಾರ ಹೂಡೀಯೇನು?" ಎಂದರು.

ಹೇಳುಗರ ಮುಖ ಬಿಗಿಯಿತು. ಒಮ್ಮೆ ಹೆಂಡತಿಯನ್ನು, ಒಮ್ಮೆ ನನ್ನನ್ನು ನೋಡಿದರು. ನಾನು ವೈರುಗಳನ್ನು ಬಿಡಿಸುತ್ತ ತಲೆ ತಗ್ಗಿಸಿದೆ.

"ಯಾರ್ ಕರದ್ರು ನಿನ್ನ?"

"ಹೊಳಿ ಕರದೈತಿ. ನಮ್ಮ ಹೊಳ್ಯಾಗ ನೀ ಒಬ್ಬನ ಇಳದೀಯಂತ."

"ನೀರು ಭಾಳ ಇಲ್ಲ ಅಂತ ಇಳದೆ."

"ಮುಳಗೀದಿ ನೋಡು." ಒಳಗೆ ಬಂದು ಕುಳಿತರು. "ದೇವ್ರು ಹೆಂಗದಾನ?"

"ನನಗಿಂತ ಚಲೋ ಅದಾನ."

ಆಕೆ ನಗಲಿಲ್ಲ. ಅವರೂ ನಗಲಿಲ್ಲ. ಹೆಂಡತಿ ಚಹಾ ಇಡಲು ಒಳಗೆ ಹೋದರು.

ತೀರ್ಮಾನ ನನ್ನದಾಗಿತ್ತು. ಅವರ ಗಂಟಲಲ್ಲಿ ಎಷ್ಟು ಉಳಿದಿದೆ ಎಂದು ಯಾರಿಗೂ ತಿಳಿಯದು. ಅದನ್ನು ಆಚೆ ದಂಡೆಯ ಬೀಡುಗಳಿಗೆ ಖರ್ಚು ಮಾಡಬಹುದಿತ್ತು. ಅವರು ಒಪ್ಪಿಯೂ ಆಗಿತ್ತು. ಇಲ್ಲವೇ ಆಕೆ ಹೊಳೆ ದಾಟಿಸುವಾಗ ಹೂಂ ಅನ್ನಲು ಬಿಡಬಹುದಿತ್ತು. ಎರಡಕ್ಕೂ ಸಾಲುವುದಿಲ್ಲ ಎನ್ನುವುದು ಸ್ಪಷ್ಟವಿತ್ತು. ನಾನು ಮೈಕನ್ನು ಬಿಚ್ಚಿ ಇಬ್ಬರ ನಡುವೆ ನೆಲದ ಮೇಲಿಟ್ಟೆ. ಸ್ಟ್ಯಾಂಡಿನ ತಿರುಪು ಎರಡು ಸಲ ಜಾರಿದ್ದು ಮುದ್ರಣದಲ್ಲಿ ಕೇಳುತ್ತದೆ. ಈಗಲೂ ಆ ತೀರ್ಮಾನ ಸರಿ ಎಂದು ಧೈರ್ಯದಿಂದ ಹೇಳಲಾರೆ.

ಆಕೆ ದಾಟಿಸಿದರು. ಹೊಳೆ ತುಂಬಿದೆ, ಹಿಂಡು ನೀರಿಗೆ ಕಾಲಿಡುವುದಿಲ್ಲ. ಅಕ್ಕ ಬೈಯುತ್ತಾಳೆ, ಕೋಲು ಬೀಸುತ್ತಾಳೆ. ಚೊಳಚಗುಡ್ಡದಲ್ಲಿ ಹುಟ್ಟಿದ ಮರಿಯನ್ನು ಕೊನೆಗೆ ಹೆಗಲ ಮೇಲೆ ಹೊತ್ತು ತಾನೇ ನೀರಿಗಿಳಿಯುತ್ತಾಳೆ. ಮರಿ ಒದರುತ್ತದೆ. ತಾಯಿಕುರಿ ದಂಡೆಯಲ್ಲಿ ಅತ್ತಿತ್ತ ಓಡಾಡಿ ನೀರಿಗೆ ಬೀಳುತ್ತದೆ, ಅದರ ಹಿಂದೆ ಎಲ್ಲವೂ. ಪ್ರತಿ ಮಾತಿಗೂ ಹೇಳುಗರು ಹೂಂ ಅಂದರು. ಮೊದಲು ಒಡಕು ದನಿಯ ಹೂಂ, ಆಮೇಲೆ ಬರೀ ಗಾಳಿಯಂಥದು. ಒಂದು ಕಡೆ ಮಾತ್ರ ಸುಮ್ಮನೆ ಕುಳಿತರು. ಟಗರು ದಾಟಿತು ಎಂದು ಆಕೆ ಹೇಳಿದ್ದರು.

"ಯಾಕ?"

ಅವರು ಸುಮ್ಮನಿದ್ದರು.

ಆಕೆ ತುಸು ಯೋಚಿಸಿ ಹಿಂದೆ ಹೋದರು. "ಟಗರು ದಾಟಲಿಲ್ಲ. ಟಗರು ನಡುನೀರಾಗ ನಿಂತು ಎಲ್ಲಾರನೂ ದಾಟಿಸಿತು."

ಹೂಂ.

ಆಚೆ ದಂಡೆ ಬಂತು. ಈಗ ಸರದಿ ಅವರದು. ಹೇಳುಗರು ನೆಟ್ಟಗೆ ಕುಳಿತು ಮೊದಲ ಬೀಡಿನ ಒಂದು ಮಾತು ಹೇಳಿದರು. ಎರಡನೆಯದು ಅರ್ಧಕ್ಕೇ ಮುರಿಯಿತು. ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡಾಗ ಕೆಂಪು ಕಂಡಿತು. ಮತ್ತೆ ಬಾಯಿ ತೆರೆದರು. ಆಕೆ ಅಂಗೈ ಅಡ್ಡ ಹಿಡಿದರು.

"ನಾ ಹೂಂ ಅನ್ನೂದಿಲ್ಲ. ಹಿಂಡು ಇವತ್ತ ಇಲ್ಲೇ ಇರ್ಲಿ. ನೀ ದವಾಖಾನಿಗೆ ಹೋಗಿ ಬಾ."

ನಾನು ಯಂತ್ರ ನಿಲ್ಲಿಸಿದೆ. ಆ ದನಿಯ ಮುದ್ರಣ ಅಲ್ಲಿಗೆ ಮುಗಿಯಿತು.

ಶಸ್ತ್ರಚಿಕಿತ್ಸೆ ಸರಿಯಾಗಿ ಆಯಿತು. ಗಾಯ ಮಾಗಿ ಅವರು ಮನೆಗೆ ಬಂದ ಮೇಲೆ ನಾನು ಹೋದೆ. ಕುತ್ತಿಗೆಯ ಕೆಳಗೆ ಉಸಿರಾಟದ ರಂಧ್ರ, ಅದರ ಮೇಲೆ ತೆಳು ಬಟ್ಟೆ. ಮಾತಿಗೆ ಒಂದು ಪಾಟಿ ಮತ್ತು ಬಳಪ. ಆಚೆ ದಂಡೆಯ ಬೀಡುಗಳನ್ನು ಬರೆದುಕೊಡಿ ಎಂದು ಕೇಳಿದೆ. ಅವರು ಬರೆದರು: 'ಹಿಂಡು ಬಂತು. ಅಲ್ಲಿ ನಿಂತಿತು. ಅಲ್ಲಿಂದ ಹೊಂಟಿತು.' ಓದಿ, ತಾವೇ ಅಂಗೈಯಿಂದ ಅಳಿಸಿದರು. ಬಸ್‌ ನಿಲ್ದಾಣದ ಫಲಕದ ಹಾಗಿತ್ತು, ನನಗೂ ಅನಿಸಿತು.

ಗುಡೂರಿನವರನ್ನು ಈ ಸಲ ಕರೆಸಿದ್ದು ಹೇಳುಗರೇ. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಕುಳಿತು ಕೇಳಿದ್ದು ಆಕೆಗೆ ಅಷ್ಟಿಷ್ಟು ನೆನಪಿತ್ತು. ಅದನ್ನು ಆಕೆ ಹೇಳುವುದು, ಇವರು ಅಂಗೈಯಿಂದ ನೆಲ ಬಡಿದು ಹೂಂ ಅನ್ನುವುದು ಎಂದಾಯಿತು. ಅಂದರೆ ಎರಡು ಮನೆಗಳೂ ಜಾಗ ಬದಲಿಸಿದ್ದವು. ಇದಕ್ಕೆ ಪದ್ಧತಿಯಲ್ಲಿ ಅವಕಾಶ ಇದೆಯೇ ಎಂದು ಕೇಳಿದೆ.

"ಇಲ್ರಿ," ಎಂದರು ಆಕೆ. "ಊರ ನೀರಾಗ ಹೋಗೂದಕ್ಕೂ ಪದ್ಧತಿ ಇದ್ದಿದ್ದಿಲ್ಲ."

ಮೈಕನ್ನು ನೆಲದ ಹತ್ತಿರ, ಅವರ ಕೈಗೆ ಸಮೀಪವಿಟ್ಟೆ. ಅಂಗೈ ಬಿದ್ದಾಗ ಯಂತ್ರದಲ್ಲಿ ಸದ್ದಿನ ಮಟ್ಟ ತೋರಿಸುವ ಮುಳ್ಳು ಕೆಂಪಿಗೆ ಹಾರುತ್ತಿತ್ತು, ಮಟ್ಟ ಇಳಿಸಿದೆ. ಮೊದಲ ಬೀಡು ತಟ್ಟಾಡುತ್ತ ನಡೆಯಿತು. ಎರಡನೆಯ ಬೀಡಿನಲ್ಲಿ ಆಕೆ ಹೇಳಿದರು, "ಅಲ್ಲಿ ಅಕ್ಕ ಒಂದು ಕಲ್ಲು ನಟ್ಟಳು."

ಕೈ ಬೀಳಲಿಲ್ಲ.

"ಕಂಬ ನಟ್ಟಳು."

ಇಲ್ಲ.

"ಹಂಗಾರ ಏನ್ ನಟ್ಟಳು, ನಿನ್ನ ತಲಿ?"

ಹೇಳುಗರು ನಕ್ಕರು. ನಗೆಗೆ ಸದ್ದಿರಲಿಲ್ಲ, ಕುತ್ತಿಗೆಯ ಬಟ್ಟೆ ಪಟಪಟ ಅಲುಗಿತು. ಕೈ ಮಾತ್ರ ಇಳಿಯಲಿಲ್ಲ.

ಹೆಂಡತಿಗೆ ತಡೆಯಲಾಗಲಿಲ್ಲ. "ಬರದರ ಕೊಡ್ರಿ! ಪಾಟಿ ಯಾಕ ಐತಿ ಮತ್ತ? ಆಕಿಗೆ ನೆನಪ ಆಗಲಿಲ್ಲಂದ್ರ ಅಷ್ಟೂ ಹೋತಲ್ಲ!"

ನಾನು ಬಾಯಿ ಬಿಟ್ಟು ಹೇಳದಿದ್ದುದು ಅದೇ. ಇನ್ನೂ ಎಷ್ಟು ಬೀಡುಗಳು ಮುಂದಿವೆಯೋ, ಒಂದೊಂದರಲ್ಲೂ ಎಷ್ಟು ಹೊತ್ತು ಹೀಗೆ. ಅವರು ಬರೆಯಬಲ್ಲರು. ಒಂದೇ ಪದ ಸಾಕು.

ಹೇಳುಗರು ಪಾಟಿಯನ್ನು ಕಾಲಿನಿಂದ ಮಂಚದ ಕೆಳಗೆ ಸರಿಸಿದರು.

"ಕೊಡೂದಿಲ್ಲ, ಅತ್ತಿ," ಎಂದರು ಗುಡೂರಿನವರು. "ನಮ್ಮಪ್ಪನೂ ಇವರಿಗೆ ಕೊಡ್ತಿದ್ದಿಲ್ಲ."

ಆಕೆ ಕಣ್ಣು ಮುಚ್ಚಿದರು. ಕೋಣೆಯಲ್ಲಿ ಸದ್ದಿಲ್ಲ. ಮುಳ್ಳು ತಳಕ್ಕೆ ಅಂಟಿಕೊಂಡಿತ್ತು. ಈ ಭಾಗವನ್ನು ಸಂಸ್ಥೆಯವರು ಖಾಲಿ ಎಂದು ಕತ್ತರಿಸಲು ಕೇಳುತ್ತಾರೆ ಎಂದು ನನಗೆ ಗೊತ್ತಿತ್ತು. ನಿಲ್ಲಿಸುವ ಗುಂಡಿಯ ಮೇಲಿದ್ದ ಬೆರಳನ್ನು ತೆಗೆದು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ಹೇಳುಗರ ಅಂಗೈ ನೆಲದಿಂದ ಒಂದಿಷ್ಟು ಮೇಲೆ, ಹಾಗೇ ಎತ್ತಿದಂತೆಯೇ ಇತ್ತು.

ಆಕೆ ಮತ್ತೆ ಬಾಯಿ ತೆರೆದರು.